ಮುಚ್ಚಿದ ಪೋರ್ಟ್‌ನ ವಿಷಯವನ್ನು ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ತಿಳಿಸಿ

ಮಾನ್ಯ ಸಂಪಾದಕರೇ,

ಚಾಮರಾಜಪೇಟೆಯಲ್ಲಿ ನಾನೊಂದು ಸಣ್ಣ ಮುದ್ರಣಾಲಯ ನಡೆಸುತ್ತಿದ್ದೇನೆ. ಅಚ್ಚಿನ ಯಂತ್ರಗಳು ಅಲ್ಲಿವೆಯಾದರೂ ಪುಟವಿನ್ಯಾಸ, ಕರಡು ತಿದ್ದುವುದು, ತಿದ್ದಿದ ಕರಡನ್ನು ಲೇಖಕರಿಗೆ ಮೇಲ್ ಮಾಡಿ ಒಪ್ಪಿಗೆ ಪಡೆಯುವುದು ಇವೆಲ್ಲವೂ ನಡೆಯುವುದು ಹನುಮಂತನಗರದ ನಮ್ಮ ಮನೆಯ ಕಂಪ್ಯೂಟರಿನಲ್ಲಿ. ಈಚೆಗೆ ಮನೆಯ ಬ್ರಾಡ್‌ಬ್ಯಾಂಡನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸಿದೆವು. ಫೈಬರ್ ಎಳೆದು, ರೌಟರ್ ಗೋಡೆಗೆ ಹಾಕಿ, ವೇಗ ತೋರಿಸಿ, ಸಹಿ ಪಡೆದು ಹುಡುಗರು ಹೊರಟುಹೋದರು. ಆ ದಿನದಿಂದ ನನಗೆ ಮೇಲ್‌ಗಳು ಎಂದಿನಂತೆ ಬರುತ್ತಿದ್ದವು, ಆದರೆ ನಾನು ಕಳಿಸಿದ ಒಂದೂ ಹೋಗಲಿಲ್ಲ.

ಇದು ನನಗೆ ಗೊತ್ತಾದದ್ದು ಧಾರವಾಡದಿಂದ ಬಂದ ಫೋನಿನಿಂದ. ಅಲ್ಲಿನ ನಿವೃತ್ತ ಅಧ್ಯಾಪಕರೊಬ್ಬರ ಪ್ರಬಂಧ ಸಂಕಲನದ ಎರಡನೇ ಕರಡನ್ನು ಕಳಿಸಿದ್ದೇನೆಂದು ನಾನು ಹಿಂದಿನ ದಿನವೇ ಹೇಳಿದ್ದೆ. 'ಕಳಿಸೇನಿ ಅಂದ್ರಿ, ಇನ್ನೂ ಬಂದಿಲ್ಲಲ್ರೀ' ಎಂದು ಅವರು ಬಹಳ ಸಂಕೋಚದಿಂದ ಕೇಳಿದರು. ತೆರೆದು ನೋಡಿದರೆ ಅವರಿಗೆ ಬರೆದದ್ದೂ ಸೇರಿ ಮೂರು ಮೇಲ್‌ಗಳು ಔಟ್‌ಬಾಕ್ಸ್‌ನಲ್ಲೇ ಕುಳಿತಿದ್ದವು. ಮತ್ತೆ ಕಳಿಸಲು ಹೋದರೆ ನೀಲಿ ಪಟ್ಟಿ ಅರ್ಧಕ್ಕೂ ಬಾರದೆ ನಿಂತು, ಒಂದು ನಿಮಿಷದ ಮೇಲೆ 'ಸರ್ವರ್ ಸಂಪರ್ಕದ ಸಮಯ ಮೀರಿದೆ' ಎಂಬ ಅರ್ಥದ ಸಂದೇಶ ಬರುತ್ತಿತ್ತು. ಹೇಳಿದ ಮಾತಿಗೆ ತಪ್ಪಿದವನೆಂದು ಅವರು ತಿಳಿದುಕೊಂಡಿರಬಹುದೆಂಬ ಬೇಸರ ನನಗೆ ಇಂದಿಗೂ ಇದೆ.

ಗ್ರಾಹಕ ಸೇವೆಗೆ ಫೋನ್ ಮಾಡಿದಾಗ 'ನೆಟ್ ಬರ್ತಾ ಇದೆಯಲ್ಲ ಸರ್, ಸ್ಪೀಡ್ ಟೆಸ್ಟ್ ಮಾಡಿ ನೋಡಿ' ಎಂಬ ಉತ್ತರ ಬಂತು. ನನ್ನ ಮೇಲ್ ಖಾತೆ ಇರುವ ಹೋಸ್ಟಿಂಗ್ ಕಂಪನಿಯವರು 'ನಮ್ಮ ಸರ್ವರ್ ಸರಿಯಾಗಿದೆ, ನಿಮ್ಮ ಇಂಟರ್‌ನೆಟ್ ಕಂಪನಿಯನ್ನು ಕೇಳಿ' ಎಂದರು. ಎರಡನೇ ದಿನ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಮುದ್ರಣಾಲಯಕ್ಕೆ ಹೋದೆ. ಅಲ್ಲಿರುವುದು ಬೇರೆ ಕಂಪನಿಯ ಹಳೆಯ ಸಂಪರ್ಕ. ವೈಫೈಗೆ ಸೇರಿಸಿದ ಕೂಡಲೇ ಸಿಕ್ಕಿಕೊಂಡಿದ್ದ ಮೂರೂ ಮೇಲ್‌ಗಳು ಒಂದರ ಹಿಂದೊಂದು ಹೊರಟುಹೋದವು. ಸಂಜೆ ಮನೆಗೆ ಬಂದು ಕಳಿಸಿದರೆ ಮತ್ತೆ ಅದೇ ಕಥೆ. ದೋಷ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲವೆಂದು ನಾನು ಭಾವಿಸಿದ್ದೆ. ಆದರೆ ಅದನ್ನು ವಿವರಿಸುತ್ತಿರುವಾಗಲೇ ನನ್ನ ದೂರು 'ಪರಿಹರಿಸಲಾಗಿದೆ' ಎಂಬ ಎಸ್‌ಎಂಎಸ್‌ನೊಂದಿಗೆ ಮುಗಿದುಹೋಯಿತು.

ಕೊನೆಗೆ ದಾರಿ ತೋರಿಸಿದವಳು ಪಕ್ಕದ ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿ. 'ಅಂಕಲ್, ಔಟ್‌ಗೋಯಿಂಗ್ ಸರ್ವರ್‌ನಲ್ಲಿ ಪೋರ್ಟ್ ಎಷ್ಟಿದೆ ನೋಡಿ' ಎಂದಳು. ಪೋರ್ಟ್ ಎಂದರೆ ಒಂದೊಂದು ಬಗೆಯ ಸಂಪರ್ಕಕ್ಕೆ ಕಂಪ್ಯೂಟರುಗಳು ಬಳಸುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು. ನನ್ನಲ್ಲಿ 25 ಎಂದಿತ್ತು. ವರ್ಷಗಳ ಹಿಂದೆ ಯಾರೋ ಹಾಕಿಕೊಟ್ಟ ಆ ಸಂಖ್ಯೆಯನ್ನು ನಾನು ಎಂದೂ ಮುಟ್ಟಿರಲಿಲ್ಲ. ಅವಳು ಅದನ್ನು 587 ಮಾಡಿ, ಭದ್ರತೆಯ ಜಾಗದಲ್ಲಿ ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಗೆ ಬದಲಿಸುವ ಏರ್ಪಾಡು) ಆರಿಸಿ, ಬಳಕೆದಾರರ ಹೆಸರಾಗಿ ಪೂರ್ತಿ ಮೇಲ್ ವಿಳಾಸವನ್ನೂ ಅದರ ಗುಪ್ತಪದವನ್ನೂ ಕೊಟ್ಟಳು. ಮೇಲ್ ಹೋಯಿತು.

ಅವಳಿಂದ ಕೇಳಿ, ಆಮೇಲೆ ಓದಿ ನಾನು ತಿಳಿದದ್ದನ್ನು ಇಲ್ಲಿ ಹೇಳುವುದು ಇತರ ಓದುಗರಿಗೂ ಉಪಯೋಗವಾದೀತು. ಮೇಲ್ ಬರುವ ದಾರಿಯೂ ಹೋಗುವ ದಾರಿಯೂ ಒಂದೇ ಅಲ್ಲ. ಬಂದ ಮೇಲನ್ನು ಕಂಪ್ಯೂಟರು ಐಮ್ಯಾಪ್ ಅಥವಾ ಪಾಪ್ ಎಂಬ ಕ್ರಮದಲ್ಲಿ, ಸಾಮಾನ್ಯವಾಗಿ 993 ಅಥವಾ 995ನೇ ಪೋರ್ಟ್ ಮೂಲಕ ತರಿಸಿಕೊಳ್ಳುತ್ತದೆ. ಕಳಿಸುವುದು ಎಸ್‌ಎಂಟಿಪಿ ಎಂಬ ಬೇರೆಯೇ ಕ್ರಮದಲ್ಲಿ. ಆದ್ದರಿಂದಲೇ ಒಂದು ಸರಿಯಾಗಿದ್ದು ಇನ್ನೊಂದು ಕೆಟ್ಟಿರಬಹುದು. 1982ರಲ್ಲಿ ಜಾನ್ ಪೋಸ್ಟಲ್ ಅವರು ಎಸ್‌ಎಂಟಿಪಿಯ ನಿಯಮಗಳನ್ನು ಬರೆದಾಗ ಇಂಟರ್‌ನೆಟ್ ಬಳಸುವವರು ಕೆಲವೇ ಸಂಸ್ಥೆಗಳವರಾಗಿದ್ದರು, ಹೀಗಾಗಿ ಕಳಿಸುವವರು ಯಾರೆಂದು ಗುಪ್ತಪದ ಕೇಳಿ ಖಚಿತಪಡಿಸಿಕೊಳ್ಳುವ ಏರ್ಪಾಡು ಅದರಲ್ಲಿರಲಿಲ್ಲ. ಮುಂದೆ ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ಮಾಲೀಕನಿಗೆ ಅರಿವಿಲ್ಲದೆಯೇ 25ನೇ ಪೋರ್ಟ್ ಮೂಲಕ ರಾಶಿ ರಾಶಿ ಸ್ಪ್ಯಾಮ್ ಸುರಿಯತೊಡಗಿದಾಗ, ಮನೆಯ ಸಂಪರ್ಕಗಳಲ್ಲಿ ಆ ಪೋರ್ಟನ್ನು ಹೊರಮುಖವಾಗಿ ಮುಚ್ಚುವುದು ಅನೇಕ ದೇಶಗಳ ಕಂಪನಿಗಳಲ್ಲಿ ರೂಢಿಯಾಯಿತು. ಬಳಕೆದಾರರು ತಮ್ಮ ಸರ್ವರ್‌ಗೆ ಮೇಲ್ ಒಪ್ಪಿಸುವುದಕ್ಕೆಂದೇ 587ನೇ ಪೋರ್ಟನ್ನು 1998ರಲ್ಲಿ ಗೊತ್ತುಮಾಡಲಾಯಿತು. ಮೊದಲಿನಿಂದಲೇ ಗೂಢಲಿಪಿಯಲ್ಲಿ ಸಾಗುವ 465 ಇನ್ನೂ ಒಳ್ಳೆಯದೆಂದು 2018ರ ಮಾನದಂಡ ಹೇಳುತ್ತದೆ.

ಆದ್ದರಿಂದ ಕಂಪನಿ 25ನೇ ಪೋರ್ಟನ್ನು ಮುಚ್ಚಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಸರಿಯಾದ ಕ್ರಮ. ತೆರೆಯಿರೆಂದು ನಾನು ಕೇಳುವುದೂ ಇಲ್ಲ. ನನ್ನ ಆಕ್ಷೇಪ ಇರುವುದು, ಮುಚ್ಚಿರುವುದನ್ನು ಗ್ರಾಹಕನಿಗೆ ಹೇಳದಿರುವುದರ ಬಗ್ಗೆ, ಮತ್ತು ಕೇಳಿದಾಗಲೂ ಹೇಳಬಲ್ಲವರು ಫೋನಿನ ಆ ತುದಿಯಲ್ಲಿ ಇಲ್ಲದಿರುವುದರ ಬಗ್ಗೆ.

ಗೊತ್ತಿಲ್ಲದವರು ಸುಮ್ಮನಿದ್ದರೂ ಒಂದು ರೀತಿ. ಆದರೆ ಆ ನಾಲ್ಕು ದಿನಗಳಲ್ಲಿ ನನಗೆ ಮೂರು ಸಲಹೆಗಳು ಸಿಕ್ಕವು, ಮೂರೂ ಹಾನಿಕರ. ಗೂಢಲಿಪಿಯ ಆಯ್ಕೆಯನ್ನು 'ಯಾವುದೂ ಇಲ್ಲ' ಎಂದು ಬದಲಿಸಿ ನೋಡಿ ಎಂದರು ಒಬ್ಬರು. ಹಾಗೆ ಮಾಡಿದರೆ ಗುಪ್ತಪದ ದಾರಿಯುದ್ದಕ್ಕೂ ತೆರೆದ ಅಂಚೆ ಕಾರ್ಡಿನಂತೆ ಹೋಗಬಹುದು. ಮನೆಗೆ ಬಂದ ತಂತ್ರಜ್ಞರು ತಿಂಗಳಿಗೆ ಹೆಚ್ಚುವರಿ ಹಣ ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್‌ನೆಟ್ ವಿಳಾಸ, ತೆಗೆದುಕೊಳ್ಳಿ ಎಂದರು. ಮನೆಯಲ್ಲೇ ಮೇಲ್ ಸರ್ವರ್ ಇಟ್ಟುಕೊಳ್ಳುವವರಿಗೆ ಅದು ಬೇಕಾಗಬಹುದು, ಬೇರೆಯವರ ಸರ್ವರ್ ಮೂಲಕ ಮೇಲ್ ಕಳಿಸುವ ನನ್ನಂಥವರಿಗೆ ಅದರ ಅಗತ್ಯವೇ ಇಲ್ಲ. ಹಿರಿಯರೊಬ್ಬರು ಈ ಮಾತನ್ನು ನಂಬಿ ವರ್ಷವಿಡೀ ಹಣ ಕಟ್ಟಿದರೆ ಅದಕ್ಕೆ ಹೊಣೆ ಯಾರು? ಮೂರನೆಯದು, ಕಂಪನಿಯ ಮೇಲ್ ಸರ್ವರನ್ನೇ ಹೊರಹೋಗುವ ಮೇಲ್‌ಗೆ ಬಳಸಿ ಎಂಬುದು. ಸ್ವಂತ ಡೊಮೇನ್‌ನ (ಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರದ ಹೆಸರಿನ) ವಿಳಾಸ ಇರುವವರಿಗೆ ಇದು ಮೋಸದ ದಾರಿ. ನಮ್ಮ ಡೊಮೇನ್ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದೆಂಬ ಪಟ್ಟಿ ಎಸ್‌ಪಿಎಫ್ ಎಂಬ ದಾಖಲೆಯಲ್ಲಿರುತ್ತದೆ. ಆ ಪಟ್ಟಿಯಲ್ಲಿಲ್ಲದ ಸರ್ವರ್‌ನಿಂದ ಹೊರಟ ಮೇಲ್ ಸ್ಪ್ಯಾಮ್ ಡಬ್ಬಿಗೆ ಬೀಳುವ ಸಂಭವ ಹೆಚ್ಚು. ಜಿಮೇಲ್‌ನಂತಹ ಸೇವೆಗಳು 2024ರ ಫೆಬ್ರುವರಿಯಿಂದ ಈ ಪರೀಕ್ಷೆಯನ್ನು ಇನ್ನಷ್ಟು ಬಿಗಿಮಾಡಿವೆ. ಹೋಯಿತೆಂದು ನಾವು ತಿಳಿದಿರುತ್ತೇವೆ, ಅತ್ತ ಓದುವವರಿಗೆ ಅದು ಕಾಣುವುದೇ ಇಲ್ಲ.

ಜಿಮೇಲ್ ಖಾತೆಯನ್ನು ಹಳೆಯ ಮೇಲ್ ತಂತ್ರಾಂಶದಲ್ಲಿ ಬಳಸುವವರ ಕಷ್ಟ ಸ್ವಲ್ಪ ಬೇರೆ. 2022ರ ಮೇ ಕೊನೆಯಿಂದ ಅಂತಹ ತಂತ್ರಾಂಶಗಳಲ್ಲಿ ಸಾಮಾನ್ಯ ಗುಪ್ತಪದ ನಡೆಯುತ್ತಿಲ್ಲ. ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು ಹಾಕಬೇಕು. ಅದಕ್ಕೆ ಬ್ರಾಡ್‌ಬ್ಯಾಂಡ್ ಕಂಪನಿಯನ್ನು ದೂರುವಂತಿಲ್ಲ.

ಬ್ರಾಡ್‌ಬ್ಯಾಂಡ್ ಎಂದರೆ ಈಗ ಎಲ್ಲರೂ ವೇಗವನ್ನಷ್ಟೇ ಅಳೆಯುತ್ತಾರೆ. ಕೇಂದ್ರ ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡ್‌ನ ವ್ಯಾಖ್ಯೆಯನ್ನು ಬದಲಿಸಿ, ಕನಿಷ್ಠ ಡೌನ್‌ಲೋಡ್ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದಾಗಲೂ ಅಳತೆಗೋಲು ವೇಗವೇ ಆಗಿತ್ತು. ನನ್ನ ಮನೆಯ ವೇಗ ಅದರ ಹತ್ತಾರು ಪಟ್ಟು ಇತ್ತು. 160 ಪುಟದ ಒಂದು ಪಿಡಿಎಫ್ ಮಾತ್ರ ಧಾರವಾಡ ತಲುಪಲಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ರೂಪಿಸಿದ ದೂರು ಪರಿಹಾರ ನಿಯಮಗಳ ಪ್ರಕಾರ ಕಂಪನಿ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ ಕೊಡಬೇಕು, ಪರಿಹಾರ ತೃಪ್ತಿ ತರದಿದ್ದರೆ ಗ್ರಾಹಕನು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನಾನೂ ಡಾಕೆಟ್ ಸಂಖ್ಯೆ ಹಿಡಿದು ಮೇಲ್ಮನವಿ ಸಲ್ಲಿಸಿದ್ದೇನೆ. ಕೆಲಸ ಆಯಿತಲ್ಲ, ಇನ್ನೇಕೆ ಎಂದು ಮನೆಯವರು ಕೇಳಿದರು. ಪಕ್ಕದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ ಇಲ್ಲದ ಮನೆಗಳ ಸಲುವಾಗಿ ಎಂಬುದೇ ನನ್ನ ಉತ್ತರ.

ಕಂಪನಿಗಳಿಂದ ನಾನು ಬಯಸುವುದು ದೊಡ್ಡದೇನಲ್ಲ. ಸಂಪರ್ಕ ಕೊಡುವ ದಿನವೇ, ಯಾವ ಪೋರ್ಟ್ ಮುಚ್ಚಿದೆ ಮತ್ತು ಮೇಲ್ ಕಳಿಸಲು ಅದರ ಬದಲು ಯಾವುದನ್ನು ಬಳಸಬೇಕೆಂಬುದನ್ನು ಕನ್ನಡದಲ್ಲಿ ಬರೆದು ಕೊಡಲಿ. ಮೇಲ್ ಹೋಗುತ್ತಿಲ್ಲ ಎಂದು ಫೋನ್ ಮಾಡಿದವರನ್ನು, ಸ್ಪೀಡ್ ಟೆಸ್ಟ್‌ಗೆ ಮೊದಲು, 'ಪೋರ್ಟ್ ಎಷ್ಟಿದೆ' ಎಂದು ಕೇಳುವಷ್ಟು ತರಬೇತಿಯನ್ನು ಸಿಬ್ಬಂದಿಗೆ ನೀಡಲಿ. ವೈಫೈನ ಹೆಸರು, ಗುಪ್ತಪದ ಮುದ್ರಿಸಿದ ಚೀಟಿ ಹೇಗೂ ಪ್ರತಿ ರೌಟರ್‌ನ ಮೇಲೆ ಇರುತ್ತದೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ನಮ್ಮ ಮನೆಯ ರೌಟರ್‌ನ ಮೇಲೆ 'ಮೇಲ್ ಕಳಿಸಲು 587, ಸ್ಟಾರ್ಟ್‌ಟಿಎಲ್‌ಎಸ್. 25 ಮುಚ್ಚಿದೆ' ಎಂಬ ಆ ಸಾಲನ್ನು ನಾನೇ ಮುದ್ರಿಸಿ ಅಂಟಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮುದ್ರಕ, ಹನುಮಂತನಗರ, ಬೆಂಗಳೂರು