ಮಕ್ಕಳು ಮಲಗಿರುವುದಿಲ್ಲ ಕಣೋ

ಗೆಳೆಯಾ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಭಾವ ಅಕ್ಕನ ಮೇಲೆ ಕೈ ಮಾಡುತ್ತಾನೆ ಎಂದು ಬರೆಯುವಾಗ ನಿನಗೆಷ್ಟು ಕಷ್ಟವಾಗಿರಬೇಕು. ಆದರೆ ಕೊನೆಯಲ್ಲಿ 'ಸದ್ಯ, ಆ ಹೊತ್ತಿಗೆ ಮಕ್ಕಳು ಮಲಗಿರ್ತಾರೆ' ಅಂದಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ.

ಅವರು ಮಲಗಿರುವುದಿಲ್ಲ. ನಾನೂ ಮಲಗಿರುತ್ತಿರಲಿಲ್ಲ. ತಮ್ಮನ ಕಿವಿಗೆ ದಿಂಬು ಒತ್ತಿ ಹಿಡಿದು, ಅಪ್ಪನ ಹೆಜ್ಜೆ ಯಾವ ಕಡೆ ಹೋಗುತ್ತಿದೆ ಎಂದು ಕೇಳುತ್ತಾ ಬಿದ್ದಿರುತ್ತಿದ್ದೆ. ಬಾಗಿಲು ತೆಗೆಯುವ ಸದ್ದಿನಲ್ಲೇ ಆ ರಾತ್ರಿ ಹೇಗಿರುತ್ತದೆಂದು ಗೊತ್ತಾಗುತ್ತಿತ್ತು. ಬೆಳಿಗ್ಗೆ ಹೊಟ್ಟೆನೋವು. ಶಾಲೆ ತಪ್ಪಿಸಲು ನೆಪ ಅಂದುಕೊಂಡರು ಎಲ್ಲರೂ. ಅಮ್ಮನನ್ನು ಒಬ್ಬಳೇ ಬಿಟ್ಟು ಹೋಗಲು ಭಯ, ಅಷ್ಟೇ. ನನಗೆ ಮಾರ್ಕ್ಸ್ ಕಡಿಮೆ ಬಂದದ್ದಕ್ಕೇ ಅವಳಿಗೆ ಏಟು ಬಿತ್ತು ಅಂತ ಎಷ್ಟೋ ವರ್ಷ ನಂಬಿದ್ದೆ.

ಬಾಲ್ಯದ ನೋವು ದೊಡ್ಡವರಾದ ಮೇಲೆ ಆರೋಗ್ಯವನ್ನು ಹೇಗೆ ಕೆಡಿಸುತ್ತದೆ ಎಂದು ಅಮೆರಿಕದಲ್ಲಿ 9,500ಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಅಧ್ಯಯನವೊಂದು 1998ರಲ್ಲಿ ಬಂತು. ತಾಯಿಗೆ ಹೊಡೆಯುವುದನ್ನು ಕಂಡು ಬೆಳೆಯುವುದೂ ಅವರು ಲೆಕ್ಕಕ್ಕೆ ತೆಗೆದುಕೊಂಡ ನೋವುಗಳಲ್ಲಿ ಒಂದು. ಇಂಗ್ಲೆಂಡಿನಲ್ಲಂತೂ 2021ರ ಕಾನೂನು ಇಂಥದ್ದನ್ನು ನೋಡಿದ, ಕೇಳಿಸಿಕೊಂಡ ಮಗುವನ್ನೂ ಸಂತ್ರಸ್ತ ಎಂದೇ ಎಣಿಸುತ್ತದೆ.

'ಬಿಟ್ಟು ಬಾ ಅಂದ್ರೂ ಬರಲ್ಲ' ಅಂತ ಅಕ್ಕನ ಮೇಲೆ ಸಿಟ್ಟಾಗಬೇಡ. ಬಿಟ್ಟು ಹೊರಡುವ ಹೊತ್ತೇ ಹೆಚ್ಚು ಅಪಾಯದ್ದು. ಹಿಡಿತ ತಪ್ಪುತ್ತಿದೆ ಅನ್ನಿಸಿದಾಗ ಅವನು ಇನ್ನೂ ಕೆರಳಬಹುದು. ಅವಳಿಗದು ನಮಗಿಂತ ಚೆನ್ನಾಗಿ ಗೊತ್ತು. ನೀನು ಹೋಗಿ ಭಾವನ ಜೊತೆ ಜಗಳಕ್ಕೆ ನಿಲ್ಲಬೇಡ. ನೀನು ಬಂದ ಮೇಲೆ ಆ ಮನೆಯಲ್ಲಿ ಉಳಿಯುವವಳು ಅವಳು. ಮೆಸೇಜಲ್ಲೂ ಇದನ್ನೆಲ್ಲ ಕೇಳಬೇಡ, ಫೋನ್ ಅವನೂ ನೋಡಬಹುದು. ಒಬ್ಬಳೇ ಸಿಕ್ಕಾಗ, 'ನೀನು ಹೇಳಿದ್ದನ್ನ ನಂಬ್ತೀನಿ, ನಾನೇನು ಮಾಡ್ಲಿ ಹೇಳು' ಅನ್ನು. ಅವಳ, ಮಕ್ಕಳ ದಾಖಲೆಗಳ ಪ್ರತಿ, ಒಂದಿಷ್ಟು ದುಡ್ಡು, ಬಟ್ಟೆ ನಿನ್ನ ಮನೆಯಲ್ಲಿರಲಿ. ಹೊರಟು ಬಂದು ಮತ್ತೆ ಅಲ್ಲಿಗೇ ಹೋದರೂ ನಿನ್ನ ಬಾಗಿಲು ಮುಚ್ಚಬೇಡ. ಎಷ್ಟೋ ಹೆಂಗಸರು ಹಲವು ಸಲ ಹೋಗಿ ಬಂದ ಮೇಲೇ ಪೂರ್ತಿ ಹೊರಬರುವುದು.

ಒಂದು ಮಾತು ಮರೆಯಬೇಡ. ಕುತ್ತಿಗೆ ಹಿಸುಕಿದ ಅಂತ ಅವಳು ಹೇಳಿದರೆ, ಗಾಯ ಕಾಣದಿದ್ದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಹಾಗೆ ಮಾಡಿದವನು ಮುಂದೆ ಕೊಂದೇಬಿಡುವ ಸಂಭವ ತುಂಬಾ ಜಾಸ್ತಿ.

ಮಕ್ಕಳನ್ನು ಕೂರಿಸಿಕೊಂಡು ವಿಚಾರಣೆ ಮಾಡಬೇಡ. 'ಇದು ನಿನ್ನ ತಪ್ಪಲ್ಲ' ಅನ್ನು. ಒಂದು ಸಲ ಸಾಲದು. ಜಗಳದ ನಡುವೆ ಹೋಗಬೇಡಿ, ಯಾರ ಮನೆಗೆ ಓಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಹೇಳಿಕೊಡು. ಅವರೆದುರು ಅಪ್ಪನನ್ನು ಬೈಯಬೇಡ. ನನಗೆ ಅಪ್ಪ ಅಂದರೆ ಪ್ರೀತಿಯೂ ಇತ್ತು ಕಣೋ. ಅದನ್ನು ಯಾರಿಗೆ ಹೇಳಲಿ?

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಒಂದು ದಿನವೂ ಏನೂ ಕೇಳಲಿಲ್ಲ. ರಾತ್ರಿ ನಾವು ಹೋದರೆ ಸುಮ್ನೆ ಸರಿದು ಹಾಸಿಗೆಯಲ್ಲಿ ಜಾಗ ಕೊಡುತ್ತಿದ್ದರು. ಅಮ್ಮ ಬಂದರೆ ಅಮ್ಮನಿಗೂ.

ಭಾನುವಾರ ಅಕ್ಕ ಒಪ್ಪಿದರೆ ಮಕ್ಕಳನ್ನು ಕರೆದುಕೊಂಡು ಬಾ. ನಾನು ಮನೆಯಲ್ಲೇ ಇರುತ್ತೇನೆ.

ನಿನ್ನ ಗೆಳೆಯ