ಹೆಂಚು ಒಡೆಯುವುದಕ್ಕಿಂತ ಮೊದಲು ಕೂಗುವುದನ್ನು ಕಲಿಸೋಣ

ಮಾನ್ಯ ಸಂಪಾದಕರೇ,

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಸರ್ಕಾರದ 'ಸಮಗ್ರ ಶಿಕ್ಷಣ' ಕಾರ್ಯಕ್ರಮದಡಿ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಕೊಡುವ ಯೋಜನೆ ಇದೆ. ಒಳ್ಳೆಯ ಯೋಜನೆ, ನಿಲ್ಲಬಾರದು. ನನ್ನ ತಕರಾರು ಇರುವುದು ಆ ಮೂರು ತಿಂಗಳಲ್ಲಿ ಏನು ಕಲಿಸುತ್ತೇವೆ ಅನ್ನುವುದರ ಬಗ್ಗೆ.

ನಾನು ನೋಡಿದ ಕಡೆಯೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಕರಾಟೆ ಮಾಸ್ಟರ್ ಬರುತ್ತಾರೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಂಚ್, ಬ್ಲಾಕ್, ಕಿಕ್ ಹೇಳಿಕೊಡುತ್ತಾರೆ. ಕೊನೆಗೆ ಗಣರಾಜ್ಯೋತ್ಸವಕ್ಕೆ ಒಂದು ಪ್ರದರ್ಶನ, ಹೆಂಚು ಒಡೆಯುವುದು, ಫೋಟೋ. ಮೈ ಗಟ್ಟಿಯಾಗುತ್ತದೆ, ಒಪ್ಪುತ್ತೇನೆ. ಆದರೆ ಗಾಳಿಗೆ ಗುದ್ದಿ ಕಲಿತ ಹುಡುಗಿಯ ಮಣಿಕಟ್ಟನ್ನು ಯಾರಾದರೂ ನಿಜವಾಗಿ ಬಿಗಿಯಾಗಿ ಹಿಡಿದರೆ ಅವಳಿಗೆ ಏನೂ ತೋಚುವುದಿಲ್ಲ. ಅಷ್ಟೂ ದಿನ ಯಾರೂ ಅವಳ ಕೈ ಹಿಡಿದೇ ಇರುವುದಿಲ್ಲವಲ್ಲ!

ನಮ್ಮ ಮಕ್ಕಳಿಗೆ ತೊಂದರೆ ಬರುವುದು ಎಲ್ಲಿ? ಕಾಲಿಡಲು ಜಾಗವಿಲ್ಲದ ಬೆಳಗಿನ ಬಸ್ಸಿನಲ್ಲಿ. ಸ್ಪೆಷಲ್ ಕ್ಲಾಸ್ ಮುಗಿಸಿ ತೋಟದ ಹಾದಿಯಲ್ಲಿ ನಡೆದು ಹೋಗುವಾಗ. ಇನ್ನೂ ಜಾಸ್ತಿ, ಗೊತ್ತಿರುವವರಿಂದಲೇ. ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಪರಿಚಯದವನೇ ಆಗಿರುತ್ತಾನೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ವರದಿಗಳು ವರ್ಷ ವರ್ಷವೂ ಹೇಳುತ್ತಿವೆ. ಮಾವನೋ, ಪಕ್ಕದ ಮನೆಯವನೋ, ಟ್ಯೂಷನ್ ಹೇಳುವವನೋ ಆದರೆ ಮಗು ಕಿಕ್ ಮಾಡುವುದಿಲ್ಲ. ಸುಮ್ನೆ ನಿಂತುಬಿಡುತ್ತದೆ.

ಅದಕ್ಕೇ ನಾನು ನಮ್ಮ ಮೈದಾನದಲ್ಲಿ ಮೊದಲು ಕಲಿಸುವುದು ಕೂಗುವುದನ್ನು. ಇದು ಅಂದುಕೊಂಡಷ್ಟು ಸುಲಭವಲ್ಲ. 'ಮೆಲ್ಲಗೆ ಮಾತಾಡು' ಅಂತ ಕೇಳಿಸಿಕೊಂಡೇ ಬೆಳೆದ ಮಕ್ಕಳು ಇವರು. ಮೊದಲು ನಗುತ್ತಾರೆ, ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಬರೀ ಕಿರುಚಿದರೆ ಸಾಲದು, ಏನು ಕೂಗಬೇಕು ಅನ್ನುವುದೂ ಬಾಯಲ್ಲಿ ತಯಾರಿರಬೇಕು. 'ನೀಲಿ ಶರ್ಟಿನವರೇ, ಕೈ ತೆಗೀರಿ! ಕಂಡಕ್ಟರ್ ಅಣ್ಣಾ, ಇವರನ್ನು ನೋಡಿ!' ಹೀಗೆ ಗುರುತು ಹೇಳಿ ಕೂಗಿದರೆ ಇಡೀ ಬಸ್ಸು ಅವನ ಕಡೆ ತಿರುಗುತ್ತದೆ. 'ಯಾರಾದ್ರೂ ಬನ್ನಿ' ಅಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಬ್ಬರನ್ನೇ ಗುರುತು ಹಿಡಿದು ಕರೆಯಬೇಕು.

ಆಮೇಲೆ ಹಿಡಿತ ಬಿಡಿಸಿಕೊಳ್ಳುವುದು. ಮಣಿಕಟ್ಟು ಹಿಡಿದಾಗ ಹಿಡಿತ ಸಡಿಲ ಇರುವುದು ಹೆಬ್ಬೆರಳಿನ ಕಡೆ. ಕೈಯನ್ನು ಆ ಸಂದಿನತ್ತ ತಿರುಗಿಸಿ, ಮೊಣಕೈ ಮಡಚಿ, ಮೈಯ ಭಾರ ಹಾಕಿ ಝಾಡಿಸಿ ಎಳೆಯಬೇಕು. ಜಡೆ ಹಿಡಿದರೆ ಎಳೆದಾಡಬಾರದು. ಅವನ ಕೈಯನ್ನೇ ಎರಡೂ ಕೈಯಿಂದ ತಲೆಗೆ ಒತ್ತಿಕೊಂಡರೆ ನೋವು ಕಡಿಮೆಯಾಗಿ, ತಿರುಗಲು ಒಂದು ಗಳಿಗೆ ಸಿಗುತ್ತದೆ. ಇದನ್ನು ಹುಡುಗಿಯರೇ ಜೋಡಿಯಾಗಿ, ಮೊದಲು ನಿಧಾನಕ್ಕೆ, ಆಮೇಲೆ ನಿಜವಾದ ಬಲ ಹಾಕಿ ಮಾಡಬೇಕು. ಹೇಳಿಕೊಡುವವರು ಹೆಣ್ಣುಮಕ್ಕಳೇ ಆದರೆ ಒಳ್ಳೆಯದು.

ನಮ್ಮ ಕಬಡ್ಡಿ ತಂಡದ ಹುಡುಗಿಯರಿಗೆ ಇದು ಬೇಗ ಹತ್ತುತ್ತದೆ. ರೈಡಿಗೆ ಹೋದವಳನ್ನು ಏಳು ಜನ ಹಿಡಿದರೂ ಅವಳ ಲೆಕ್ಕ ಒಂದೇ, ಮಧ್ಯದ ಗೆರೆ ಮುಟ್ಟುವುದು. ಇಲ್ಲೂ ಅಷ್ಟೇ. ಅವನನ್ನು ಸೋಲಿಸಬೇಕಾಗಿಲ್ಲ, ಜನ ಇರುವ ಕಡೆ ಓಡಿದರೆ ಆಯಿತು. ಸರಗಳ್ಳ ಬೈಕಿನಲ್ಲಿ ಬಂದರೆ ಸರ ಹೋಗಲಿ. ಗಾಡಿಯಿಂದ ಬಿದ್ದು ತಲೆ ಒಡೆದುಕೊಳ್ಳುವುದು ಬೇಡ.

ಎಷ್ಟೇ ಕಲಿತರೂ ಕೆಲವೊಮ್ಮೆ ಭಯಕ್ಕೆ ಮೈ ಮರಗಟ್ಟುತ್ತದೆ, ದನಿ ಹೊರಡುವುದಿಲ್ಲ. ಅದು ದೇಹದ ಗುಣ. 'ಕರಾಟೆ ಕಲಿತಿದ್ದೀಯಲ್ಲ, ಯಾಕೆ ಹೊಡೆಯಲಿಲ್ಲ?' ಅಂತ ದಯವಿಟ್ಟು ಯಾವ ಮಗುವನ್ನೂ ಕೇಳಬೇಡಿ. ಆ ಒಂದು ಮಾತಿಗೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮನೆಯಲ್ಲೋ ಶಾಲೆಯಲ್ಲೋ ಯಾರ ಹತ್ತಿರ ಹೇಳಬಹುದು ಎಂದು ಪ್ರತಿ ಮಗುವಿಗೂ ಮೊದಲೇ ಗೊತ್ತಿರಬೇಕು. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098, ಇವೆರಡೂ ಬಾಯಿಪಾಠ ಆಗಿರಬೇಕು. ಅಮ್ಮನ ಕೀಪ್ಯಾಡ್ ಫೋನಿನಿಂದಲೂ ಕರೆ ಹೋಗುತ್ತದೆ.

'ತಿರುಗಿ ಹೊಡೆದರೆ ನಮ್ಮ ಮಗಳ ಮೇಲೇ ಕೇಸ್ ಆಗಲ್ವಾ ಮೇಡಂ?' ಎಂದು ತಂದೆತಾಯಂದಿರು ಕೇಳುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ತನ್ನ ಮೈಯನ್ನು ಕಾಪಾಡಿಕೊಳ್ಳುವ ಹಕ್ಕನ್ನು ಕೊಡುತ್ತವೆ. ಹಳೆಯ ಐಪಿಸಿಯಲ್ಲೂ ಈ ಹಕ್ಕು ಇತ್ತು. ಆದರೆ ಕಾಪಾಡಿಕೊಳ್ಳಲು ಬೇಕಾದಷ್ಟೇ ಬಲ. ಅವನು ಓಡಿಹೋದ ಮೇಲೆ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ಆತ್ಮರಕ್ಷಣೆ ಅನ್ನಿಸಿಕೊಳ್ಳುವುದಿಲ್ಲ. ಇದನ್ನೂ ಮಕ್ಕಳಿಗೆ ಹೇಳಲೇಬೇಕು.

ಶಿಕ್ಷಣ ಇಲಾಖೆಯಲ್ಲಿ ನನ್ನ ಬೇಡಿಕೆ ಇಷ್ಟೆ. ಮುಂದಿನ ಸುತ್ತೋಲೆಯಲ್ಲಿ ಕೂಗುವುದು, ಬಿಡಿಸಿಕೊಳ್ಳುವುದು, ಓಡುವುದು, ದೊಡ್ಡವರಿಗೆ ಹೇಳುವುದು, ಇವನ್ನು ಪಾಠವಾಗಿಯೇ ಬರೆಯಲಿ. ಮೂರು ತಿಂಗಳು ಮುಗಿದ ಮೇಲೂ ವಾರಕ್ಕೊಂದು ಪಿರಿಯಡ್ ಅಭ್ಯಾಸ ಮಾಡಿಸಲು ನಮ್ಮಂಥ ಪಿಟಿ ಶಿಕ್ಷಕರಿಗೆ ತರಬೇತಿ ಕೊಡಲಿ. ಆ ಪಿರಿಯಡ್‌ನಲ್ಲಿ ಗಂಡುಮಕ್ಕಳೂ ಕೂರಲಿ. ಬಸ್ಸಿನಲ್ಲಿ ಒಬ್ಬ ಹುಡುಗಿ ಕೂಗಿದಾಗ ಏನು ಮಾಡಬೇಕು ಅನ್ನುವುದು ಅವರಿಗೂ ಗೊತ್ತಿರಬೇಕಲ್ವಾ?

— ದೈಹಿಕ ಶಿಕ್ಷಣ ಶಿಕ್ಷಕಿ, ಹಾಸನ ಜಿಲ್ಲೆ