ಮಕ್ಕಳು ಅಜ್ಜಿಯ ಮನೆಯಲ್ಲಿ ಒಟ್ಟಿಗೆ ಸೇರಲು ಐದು ದಿನ ಕೊಡಿ

ಮಾನ್ಯ ಸಂಪಾದಕರೇ,

ನಾನು ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ವಾಸವಾಗಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮ ಅತ್ತೆಯವರಿಗೆ ಈಗ 88 ವರ್ಷ. ಅವರ ಮೊಮ್ಮಕ್ಕಳು ಮತ್ತು ಮರಿಮಕ್ಕಳಲ್ಲಿ ಶಾಲೆಗೆ ಹೋಗುವವರು ಏಳು ಮಂದಿ. ಆ ಏಳೂ ಮಕ್ಕಳು ಒಂದೇ ದಿನ ನಮ್ಮ ಮನೆಯ ಜಗುಲಿಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದ್ದನ್ನು ಅವರು ಇದುವರೆಗೆ ಒಮ್ಮೆಯೂ ಕಂಡಿಲ್ಲ. ಮಕ್ಕಳಿಗೆ ಬರುವ ಮನಸ್ಸಿಲ್ಲವೆಂದಾಗಲಿ, ಅವರ ತಂದೆ ತಾಯಿಯರಿಗೆ ಊರಿನ ಪ್ರೀತಿ ಕಡಿಮೆಯಾಗಿದೆಯೆಂದಾಗಲಿ ಇದಾದದ್ದಲ್ಲ. ಅವರ ಶಾಲೆಗಳ ರಜೆ ಒಂದಕ್ಕೊಂದು ಕೂಡಿ ಬರುವುದಿಲ್ಲ ಎಂಬುದೇ ಮುಖ್ಯ ಕಾರಣ. ನಮ್ಮಂತಹ ನೂರಾರು ಮನೆಗಳು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇರುವುದರಿಂದ ಇದನ್ನು ಸಾರ್ವಜನಿಕ ವಿಷಯವೆಂದು ಭಾವಿಸಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ಮೈದುನನ ಮಗ ಇಲ್ಲಿಯೇ ಇದ್ದು, ರಾಜ್ಯ ಪಠ್ಯಕ್ರಮದ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾನೆ. ಈಚಿನ ವರ್ಷಗಳಲ್ಲಿ ಅವನ ಬೇಸಿಗೆ ರಜೆ ಏಪ್ರಿಲ್ 11ಕ್ಕೆ ಆರಂಭವಾಗಿ ಮೇ 28ಕ್ಕೆ ಮುಗಿಯುತ್ತದೆ. ಬೆಂಗಳೂರಿನಲ್ಲಿರುವ ನನ್ನ ಹಿರಿಯ ಮಗನ ಇಬ್ಬರು ಮಕ್ಕಳು ಓದುವ ಕೇಂದ್ರೀಯ ಪಠ್ಯಕ್ರಮದ ಶಾಲೆಯಲ್ಲಿ ಏಪ್ರಿಲ್ ಮೊದಲ ವಾರವೇ ಹೊಸ ತರಗತಿ ಶುರುವಾಗಿ, ಕೆಲವು ವಾರ ಪಾಠ ನಡೆದ ಮೇಲೆ ರಜೆ ಸಿಗುತ್ತದೆ. ಠಾಣೆಯಲ್ಲಿರುವ ಮಗಳ ಮಗಳಿಗೆ ಮೇ ಪೂರ್ತಿ ಬಿಡುವು; ಜೂನ್ 15ರ ಸುಮಾರಿಗೆ ಅವಳ ಶಾಲೆ ತೆರೆಯುತ್ತದೆ. ಶಾರ್ಜಾದಲ್ಲಿರುವ ಕಿರಿಯ ಮಗನ ಇಬ್ಬರು ಹುಡುಗರಿಗೆ ದೀರ್ಘ ರಜೆ ಜುಲೈ ಮತ್ತು ಆಗಸ್ಟ್‌ನಲ್ಲಿ. ನಮ್ಮ ಯಜಮಾನರ ಅಣ್ಣನ ಮಗಳು ನ್ಯೂಜೆರ್ಸಿಯಲ್ಲಿದ್ದು, ಅವಳ ಮಗಳ ಶಾಲೆ ಜೂನ್ ತಿಂಗಳ ದ್ವಿತೀಯಾರ್ಧದವರೆಗೂ ನಡೆಯುತ್ತದೆ. ಹೀಗಾಗಿ ಮೇ ತಿಂಗಳಿನಲ್ಲಿ ಸೇರಬಲ್ಲವರು ನಾಲ್ವರು ಮಾತ್ರ. ಹೊರದೇಶದ ಮೂವರಿಗೂ ಒಟ್ಟಿಗೆ ಬಿಡುವಿದ್ದು, ಮಳೆಯ ತೊಂದರೆಯೂ ಇಲ್ಲದ ಕಾಲವೆಂದರೆ ಡಿಸೆಂಬರ್ ಕೊನೆಯ ವಾರ. ಆದರೆ ಕರ್ನಾಟಕದ ರಾಜ್ಯ ಪಠ್ಯಕ್ರಮದ ಹೆಚ್ಚಿನ ಶಾಲೆಗಳಲ್ಲಿ ಆಗ ರಜೆಯೇ ಇಲ್ಲ. ದಸರಾ ರಜೆಯನ್ನು ಕಡಿತ ಮಾಡಿಕೊಂಡು ಕ್ರಿಸ್‌ಮಸ್‌ಗೆ ರಜೆ ಕೊಡುವ ಕ್ರೈಸ್ತ ಸಂಸ್ಥೆಗಳನ್ನು ಬಿಟ್ಟರೆ ಉಳಿದ ಕಡೆ ಡಿಸೆಂಬರ್ 25 ಒಂದು ದಿನ ಬಿಡುವು, ಅಷ್ಟೇ.

ಎರಡು ವರ್ಷಗಳ ಹಿಂದೆ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯ ಹುಡುಗಿ ಹತ್ತು ದಿನ ಇಲ್ಲಿದ್ದಳು. ಮೈದುನನ ಮಗ ಬೆಳಿಗ್ಗೆ ಏಳೂವರೆಗೆ ಬಸ್ಸಿಗೆ ಹೊರಟರೆ ಮನೆಗೆ ಮರಳುವಾಗ ಸಂಜೆ ಆರು ಆಗುತ್ತಿತ್ತು. ಅವಳು ಐದು ಗಂಟೆಯಿಂದಲೇ ದಣಪೆಯ ಬಳಿ ಹೋಗಿ ನಿಲ್ಲುತ್ತಿದ್ದಳು. ಅವನು ಬಂದು ಕೈಕಾಲು ತೊಳೆದು ಮನೆಪಾಠ ಮುಗಿಸುವಷ್ಟರಲ್ಲಿ ದೂರ ಪ್ರಯಾಣದ ಆಯಾಸ ಇನ್ನೂ ಕಳೆಯದ ಅವಳಿಗೆ ನಿದ್ದೆ ಬಂದುಬಿಡುತ್ತಿತ್ತು. ಎರಡು ದಿನಗಳ ರಜೆ ಕೊಡಿರೆಂದು ಮೈದುನ ಶಾಲೆಗೆ ಹೋಗಿ ಕೇಳಿದಾಗ, ನೆಂಟರು ಬಂದಿದ್ದಾರೆ ಎಂಬುದು ರಜೆಗೆ ಕಾರಣವಾಗಲಾರದು ಎಂಬ ಉತ್ತರ ದೊರೆಯಿತು. ನಾನೂ ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವಳು; ನಿಯಮದ ಪ್ರಕಾರ ಅವರ ಉತ್ತರ ಸರಿಯಾಗಿಯೇ ಇತ್ತು. ಜ್ವರ ಬಂದಿದೆ ಎಂದು ಚೀಟಿ ಬರೆದಿದ್ದರೆ ರಜೆ ಸಿಗುತ್ತಿತ್ತು, ಆದರೆ ಮಗುವಿನ ಕೈಯಲ್ಲಿ ಸುಳ್ಳು ಚೀಟಿ ಕಳಿಸಲು ಮೈದುನ ಒಪ್ಪಲಿಲ್ಲ. ನಿಜ ಹೇಳಿದವರಿಗೆ ಸಿಗದ ರಜೆ ಸುಳ್ಳು ಹೇಳಿದವರಿಗೆ ಸಿಗುವಂತಿದ್ದರೆ, ತಿದ್ದಬೇಕಾದದ್ದು ನಿಯಮವನ್ನೇ ಎಂದು ನನಗೆ ಆಗ ಅನ್ನಿಸಿತು.

ಇದಕ್ಕೆ ಮೊದಲು, 2024ರ ಜುಲೈಯಲ್ಲಿ, ಶಾರ್ಜಾದ ಮೊಮ್ಮಕ್ಕಳು ಬಂದಿದ್ದರು. ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದ ದಿನಗಳು ಅವು. ಜಿಲ್ಲೆಯಲ್ಲಿ ಮಳೆಯ ಕಾರಣ ಶಾಲೆಗಳಿಗೆ ರಜೆ ಘೋಷಿಸಿದ್ದರಿಂದ ಮೂವರು ಹುಡುಗರು ಕೆಲವು ದಿನ ಒಟ್ಟಿಗೆ ಇದ್ದರು. ಹೊರಗೆ ಹೋಗುವಂತಿರಲಿಲ್ಲ, ಅನೇಕ ಸಲ ವಿದ್ಯುತ್ತೂ ಇರಲಿಲ್ಲ. ಅತ್ತೆಯವರು ಒಲೆಯ ಮುಂದೆ ಕುಳಿತು ಹಲಸಿನ ಬೇಳೆ ಸುಟ್ಟು ಕೊಡುತ್ತಾ ಹಳೆಯ ಸಂಗತಿಗಳನ್ನು ಹೇಳುತ್ತಿದ್ದರು. ಹುಡುಗರು ಕವಡೆ ಆಡುವುದನ್ನು ಅವರಿಂದಲೇ ಕಲಿತರು. ಕನ್ನಡದಲ್ಲಿ ಒಂದು ವಾಕ್ಯ ಪೂರ್ತಿ ಹೇಳಲು ತಡವರಿಸುತ್ತಿದ್ದ ಚಿಕ್ಕವನು ಆ ವಾರದ ಕೊನೆಗೆ ಅಜ್ಜಿಯ ಜೊತೆ ಆಟದಲ್ಲಿ ಜಗಳವಾಡುವಷ್ಟು ಕನ್ನಡ ಮಾತಾಡಿದ. ಪಕ್ಕದ ತಾಲೂಕಿನಲ್ಲಿ ಜನ ತಮ್ಮವರನ್ನು ಕಳೆದುಕೊಂಡು ಅಳುತ್ತಿದ್ದ ಸಮಯದಲ್ಲಿ ನಮ್ಮ ಮಕ್ಕಳಿಗೆ ಆ ದಿನಗಳು ದೊರೆತವು ಎಂಬುದನ್ನು ನೆನೆದರೆ ಇಂದಿಗೂ ಮನಸ್ಸು ಮುದುಡುತ್ತದೆ. ಅಂತಹ ದಿನಗಳು ಮಕ್ಕಳಿಗೆ ಸಿಗಲು ವಿಪತ್ತೊಂದು ಬರಬೇಕಾಗಿರಬಾರದು.

ಶಿಕ್ಷಣ ಇಲಾಖೆಯಲ್ಲಿಯೂ ಕೇಂದ್ರೀಯ ಪಠ್ಯಕ್ರಮದ ಶಾಲೆಗಳ ಆಡಳಿತ ಮಂಡಳಿಗಳಲ್ಲಿಯೂ ನನ್ನ ವಿನಂತಿ ಇಷ್ಟು: ಪಾಲಕರು ಹದಿನೈದು ದಿನ ಮೊದಲೇ ಲಿಖಿತವಾಗಿ ತಿಳಿಸಿದಲ್ಲಿ, ಪರೀಕ್ಷೆಯ ದಿನಗಳನ್ನು ಹೊರತುಪಡಿಸಿ, ವರ್ಷಕ್ಕೆ ಐದು ದಿನ ಕುಟುಂಬದ ಕಾರಣಕ್ಕಾಗಿ ರಜೆ ಪಡೆಯಲು ಪ್ರತಿ ಮಗುವಿಗೂ ಅವಕಾಶವಿರಲಿ ಮತ್ತು ಆ ದಿನಗಳನ್ನು ಹಾಜರಾತಿಯ ಕೊರತೆಯೆಂದು ಎಣಿಸದಿರಲಿ. ಶಿಕ್ಷಣ ಹಕ್ಕು ಕಾಯ್ದೆಯು ಒಂದರಿಂದ ಐದನೇ ತರಗತಿಗೆ 200, ಆರರಿಂದ ಎಂಟನೇ ತರಗತಿಗೆ 220 ಕೆಲಸದ ದಿನಗಳನ್ನು ವಿಧಿಸುತ್ತದೆ. ಒಂದು ಮಗು ರಜೆ ಪಡೆದ ಮಾತ್ರಕ್ಕೆ ಶಾಲೆ ಮುಚ್ಚುವುದಿಲ್ಲವಾದ್ದರಿಂದ ಆ ಲೆಕ್ಕಕ್ಕೆ ಧಕ್ಕೆಯಿಲ್ಲ. ಎಲ್ಲರೂ ಕೇಳತೊಡಗಿದರೆ ತರಗತಿ ನಡೆಸುವುದು ಹೇಗೆ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳಿದ್ದುಂಟು. ಈ ಆಕ್ಷೇಪ ಹುಸಿಯಲ್ಲ. ಐವರು ಮಕ್ಕಳು ಐದು ಬೇರೆ ಬೇರೆ ವಾರಗಳಲ್ಲಿ ಪಾಠ ತಪ್ಪಿಸಿಕೊಂಡರೆ ಮತ್ತೆ ಹೇಳಿಕೊಡುವ ಹೊರೆ ಶಿಕ್ಷಕರ ಮೇಲೆಯೇ ಬೀಳುತ್ತದೆ. ತಪ್ಪಿದ ಪಾಠವನ್ನು ಮಾಡಿಸುವ ಹೊಣೆ ತಮ್ಮದೆಂದು ಪಾಲಕರು ಅರ್ಜಿಯಲ್ಲಿಯೇ ಬರೆದುಕೊಡಲಿ. ಆದರೆ ಮದುವೆ, ಮುಂಜಿ, ಜಾತ್ರೆಗಳಿಗಾಗಿ ಮಕ್ಕಳು ಈಗಲೂ ಹೇಳದೆ ಕೇಳದೆ ಶಾಲೆ ತಪ್ಪಿಸುತ್ತಲೇ ಇದ್ದಾರೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2022 ಮತ್ತು 2024ರಲ್ಲಿ ಅದು ಬಂದದ್ದು ಮಾರ್ಚ್ ತಿಂಗಳಿನಲ್ಲಿ, ವಾರ್ಷಿಕ ಪರೀಕ್ಷೆಯ ಹೊಸ್ತಿಲಲ್ಲಿ. ಹೊರ ಊರಿನ ನೆಂಟರೆಲ್ಲ ಸೇರುವ ಆ ವಾರ ನಮ್ಮ ಶಾಲೆಗಳಲ್ಲಿ ಹಾಜರಿ ಹೇಗಿರುತ್ತಿತ್ತು ಎಂಬುದನ್ನು ನಾನೇ ಕಂಡಿದ್ದೇನೆ.

ಇದಕ್ಕಿಂತ ಹೆಚ್ಚು ನೋವಿನ ಸಂಗತಿಯೆಂದರೆ ಇರುವ ಬೇಸಿಗೆ ರಜೆಯೂ ಕರಗುತ್ತಿರುವುದು. ಒಂಬತ್ತನೇ ತರಗತಿಯ ಪರೀಕ್ಷೆ ಮುಗಿದ ಮರುವಾರವೇ ಹತ್ತನೆಯದರ ಪಾಠ ಆರಂಭಿಸಿ ಅದನ್ನು ವಿಶೇಷ ತರಗತಿಯೆಂದು ಕರೆಯುವ ರೂಢಿ ಈಗ ಚಿಕ್ಕ ಪಟ್ಟಣಗಳಿಗೂ ಬಂದಿದೆ. ಪದವಿಪೂರ್ವ ತರಗತಿಯ ಮಕ್ಕಳ ಕಥೆ ಇನ್ನೂ ಕಠಿಣ. ಕೊನೆಯ ಪಕ್ಷ ಮೇ 1ರಿಂದ 20ರವರೆಗೆ ರಾಜ್ಯದ ಯಾವ ಶಾಲೆಯೂ, ಯಾವ ಪಠ್ಯಕ್ರಮದ್ದಾದರೂ, ಯಾವ ಹೆಸರಿನಿಂದಲೂ ಪಾಠ ನಡೆಸದಂತೆ ಇಲಾಖೆ ಆದೇಶ ಹೊರಡಿಸಿ, ಅದು ಪಾಲನೆಯಾಗುತ್ತಿದೆಯೇ ಎಂದು ನೋಡಬೇಕು. ಆ ಇಪ್ಪತ್ತು ದಿನಗಳು ನಿಶ್ಚಿತವಾಗಿವೆ ಎಂದು ತಿಳಿದರೆ, ಬೆಂಗಳೂರು, ಮುಂಬಯಿ, ಪುಣೆಗಳಲ್ಲಿ ದುಡಿಯುವವರು ತಮ್ಮ ಕಚೇರಿಯ ರಜೆಯನ್ನು ಹೊಂದಿಸಿಕೊಳ್ಳುತ್ತಾರೆ.

ರಜೆ ಕೂಡಿ ಬಂದರೂ ಊರು ಮುಟ್ಟುವುದು ಸುಲಭವಲ್ಲ. ಶಿರಸಿಗೆ ರೈಲು ಇಲ್ಲ. ಬೆಂಗಳೂರಿನ ಕಡೆಯಿಂದ ಬರುವವರು ತಾಳಗುಪ್ಪದಲ್ಲಿಯೋ ಹಾವೇರಿಯಲ್ಲಿಯೋ, ಮುಂಬಯಿಯ ಕಡೆಯಿಂದ ಬರುವವರು ಕುಮಟಾದಲ್ಲಿಯೋ ಇಳಿದು ಬಸ್ಸು ಹಿಡಿಯಬೇಕು. ನನ್ನ ನಾದಿನಿ ಮದುವೆಯಾಗಿ ಮುಂಬಯಿಗೆ ಹೋದ ಹೊಸತರಲ್ಲಿ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ ಮೇಲಿಂದ ಬಸ್ಸಿನಲ್ಲಿ ಸುತ್ತಿ ಬರುತ್ತಿದ್ದಳು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿ ತೆರೆದ ಮೇಲೆ ಠಾಣೆಯಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಗಾಗುವ ಮೊದಲೇ ಕುಮಟಾ ಸೇರುವಂತಾಯಿತು. ಒಂದು ರೈಲುಮಾರ್ಗ ಒಬ್ಬ ಹೆಣ್ಣುಮಗಳಿಗೆ ತವರನ್ನು ಎಷ್ಟು ಹತ್ತಿರಕ್ಕೆ ತರಬಲ್ಲದು ಎಂಬುದನ್ನು ನಾವು ಆಗ ಕಂಡೆವು. ಆದರೆ ಮೇ ತಿಂಗಳಿನ ಟಿಕೆಟ್ ಇಂದು ಕಾಯ್ದಿರಿಸುವ ದಿನ ಬೆಳಿಗ್ಗೆಯೇ ಮುಗಿದುಹೋಗುತ್ತದೆ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ವಿಮಾನದ ಟಿಕೆಟ್ಟನ್ನು ಐದಾರು ತಿಂಗಳ ಮೊದಲೇ ಕೊಳ್ಳಬೇಕಾದ ಹೊರದೇಶದವರಿಗೆ, ಇಲ್ಲಿಯ ರೈಲಿನಲ್ಲಿ ಜಾಗ ಸಿಗುವುದೋ ಇಲ್ಲವೋ ಎಂಬುದು ಎರಡು ತಿಂಗಳ ಮೊದಲಷ್ಟೇ ಗೊತ್ತಾಗುತ್ತದೆ. ಅವಧಿ ಕಡಿಮೆ ಮಾಡಿದ್ದಕ್ಕೆ ರೈಲ್ವೆಗೆ ಅದರದ್ದೇ ಕಾರಣಗಳಿರಬಹುದು. ನನ್ನ ತಕರಾರು ಬೇಸಿಗೆಯ ವಿಶೇಷ ರೈಲುಗಳ ಬಗ್ಗೆ. ಜನರು ಖಾಸಗಿ ಬಸ್ಸಿಗೆ ಎರಡು ಪಟ್ಟು ದರ ಕೊಟ್ಟು ಜಾಗ ಹಿಡಿದ ಮೇಲೆ ವಿಶೇಷ ರೈಲು ಪ್ರಕಟಿಸಿದರೆ ಪ್ರಯೋಜನವೇನು? ಏಪ್ರಿಲ್, ಮೇ ತಿಂಗಳ ವಿಶೇಷ ರೈಲುಗಳನ್ನು ಫೆಬ್ರುವರಿಯಲ್ಲಿಯೇ ಪ್ರಕಟಿಸಬೇಕು.

ಹಿರಿಯ ನಾಗರಿಕರಿಗೆ ರೈಲು ಪ್ರಯಾಣದಲ್ಲಿದ್ದ ರಿಯಾಯಿತಿಯ ವಿಷಯವನ್ನೂ ಇಲ್ಲಿ ಹೇಳಲೇಬೇಕು. 60 ದಾಟಿದ ಪುರುಷರಿಗೆ ಶೇ 40, 58 ದಾಟಿದ ಮಹಿಳೆಯರಿಗೆ ಶೇ 50 ಇದ್ದ ಆ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಮಕ್ಕಳು ಬರಲಾಗದಿದ್ದರೆ ತಾವೇ ಹೋಗಿ ನೋಡಿ ಬರುತ್ತಿದ್ದ ಅಜ್ಜ ಅಜ್ಜಿಯರಿಗೆ ಅದು ಆಧಾರವಾಗಿತ್ತು. ಸರ್ಕಾರದ ಒಂದು ತೀರ್ಮಾನ ಬಂಧುಗಳನ್ನು ಹೇಗೆ ಕೂಡಿಸಬಲ್ಲದು ಎಂಬುದಕ್ಕೆ ಶಕ್ತಿ ಯೋಜನೆಯೇ ಸಾಕ್ಷಿ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವಿಲ್ಲವಾದ ಮೇಲೆ, ಹತ್ತು ವರ್ಷ ತವರಿನ ಮೆಟ್ಟಿಲು ಹತ್ತದಿದ್ದ ನನ್ನ ಚಿಕ್ಕಮ್ಮ ಸಾಗರದಿಂದ ಎರಡು ತಿಂಗಳಿಗೊಮ್ಮೆ ಬರುತ್ತಿದ್ದಾರೆ.

ಸರ್ಕಾರವನ್ನಷ್ಟೇ ಕೇಳಿ ಸುಮ್ಮನಾದರೆ ನ್ಯಾಯವಾಗುವುದಿಲ್ಲ. ಇಂತಹ ಕೂಟಗಳು ನಿಂತುಹೋಗಲು ನಮ್ಮ ಮನೆಗಳ ಒಳಗೂ ಒಂದು ಕಾರಣವಿದೆ. ಮೂವತ್ತು ಜನ ಸೇರಿದ ಮನೆಯಲ್ಲಿ ಸಂತೋಷ ಎಲ್ಲರದ್ದೂ ಆದರೆ, ಕೆಲಸ ಇಬ್ಬರು ಸೊಸೆಯಂದಿರದ್ದು ಎಂಬಂತೆ ನಾವು ನಡೆದುಕೊಂಡು ಬಂದಿದ್ದೇವೆ. ಬೆಳಗಿನ ದೋಸೆ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಹುಳಿಗೆ ಕಾಯಿ ತುರಿಯಬೇಕು, ಅದು ಮುಗಿದರೆ ಸಂಜೆಯ ಚಹಾ. ನೆಂಟರು ಹೊರಟ ದಿನ ಅವರೊಂದಿಗೆ ಹತ್ತು ನಿಮಿಷ ಕುಳಿತು ಮಾತಾಡಲಿಲ್ಲವಲ್ಲ ಎಂದು ಕಣ್ಣೀರು ಹಾಕಿದ್ದು ನನಗೆ ನೆನಪಿದೆ. ಈ ಕಾರಣಕ್ಕೇ ಒಂದು ವರ್ಷ ಎಲ್ಲರೂ ದಾಂಡೇಲಿಯ ಕಡೆ ರೆಸಾರ್ಟ್ ಒಂದರಲ್ಲಿ ಎರಡು ದಿನ ಸೇರಿದೆವು. ಅಡುಗೆಯ ಚಿಂತೆಯೇನೋ ತಪ್ಪಿತು. ಆದರೆ ಅತ್ತೆಯವರಿಗೆ ಅಷ್ಟು ದೂರ ಬರಲಾಗಲಿಲ್ಲ, ಮೈದುನನಿಗೆ ದನಕರು ಬಿಟ್ಟು ಬರಲಾಗಲಿಲ್ಲ. ಯಾರಿಗಾಗಿ ಸೇರಬೇಕಿತ್ತೋ ಅವರೇ ಮನೆಯಲ್ಲಿ ಉಳಿದರು.

ಮರುವರ್ಷದಿಂದ ಮನೆಯಲ್ಲಿಯೇ ಸೇರುತ್ತಿದ್ದೇವೆ. ಮೇ ಎರಡನೇ ವಾರದ ಐದು ದಿನಗಳಿಗೆ ಪಕ್ಕದೂರಿನ ಅಡುಗೆ ಭಟ್ಟರನ್ನು ಕರೆಸುತ್ತೇವೆ, ಖರ್ಚನ್ನು ದುಡಿಯುವವರೆಲ್ಲ ಹಂಚಿಕೊಳ್ಳುತ್ತಾರೆ. ಬೆಳಗಿನ ತಿಂಡಿ ಮಾತ್ರ ಗಂಡಸರ ಪಾಲು. ಮೊದಲ ವರ್ಷ ಇದಕ್ಕೆ ಸ್ವಲ್ಪ ಮುನಿಸು ಇತ್ತು, ಈಗ ಇಲ್ಲ. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಹಲಸಿನ ಹಪ್ಪಳಕ್ಕೆ ಕೂರುತ್ತೇವೆ. ಹಪ್ಪಳದ ಕೆಲಸ ನಾಲ್ಕು ಕೈಗಳಿಂದ ಆಗುವುದಿಲ್ಲ. ಕಾಯಿ ಕೊಚ್ಚಿ ತೊಳೆ ಬಿಡಿಸುವವರು ಒಬ್ಬರು, ಬೇಯಿಸುವವರು ಒಬ್ಬರು, ಹಿಟ್ಟು ಕುಟ್ಟಿ ಉಂಡೆ ಮಾಡುವವರು, ಮಣೆಯಲ್ಲಿ ಒತ್ತುವವರು, ಚಾಪೆಯ ಮೇಲೆ ಹರವುವವರು, ಕಾಗೆ ಕಾಯುವವರು ಹೀಗೆ ಎಂಟು ಹತ್ತು ಮಂದಿ ಬೇಕು. ಯಾರ ಮಗು ಯಾರು, ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಅತ್ತೆಯವರು ಹೇಳಿಕೊಡುವುದು ಆ ಹೊತ್ತಿನಲ್ಲಿಯೇ. ತನಗಿಂತ ಎಂಟೇ ವರ್ಷ ದೊಡ್ಡವನಾದ ಮೈದುನನ ಮಗ ತಾಯಿಗೆ ತಮ್ಮನಾದ್ದರಿಂದ ತನಗೆ ಸೋದರಮಾವನಾಗುತ್ತಾನೆ ಎಂದು ಠಾಣೆಯ ಮೊಮ್ಮಗಳು ತಿಳಿದದ್ದು ಅಲ್ಲಿಯೇ. ಅಂದಿನಿಂದ ಅವಳು ಅವನನ್ನು ಹೆಸರು ಹಿಡಿದು ಕರೆದಿಲ್ಲ, ಮಾವ ಎಂದೇ ಕರೆಯುತ್ತಾಳೆ. ವಾರಕ್ಕೊಮ್ಮೆ ಮೊಬೈಲಿನಲ್ಲಿ ಮುಖ ನೋಡಿ ಮಾತಾಡುತ್ತಿದ್ದರೂ ಮೂರು ವರ್ಷ ಅವಳಿಗೆ ಇದು ತಿಳಿದಿರಲಿಲ್ಲ.

ಬರುವ ಮೇ ತಿಂಗಳಿಗೆ ಶಾರ್ಜಾದ ಹುಡುಗರು ತಮ್ಮ ಶಾಲೆಯ ಒಪ್ಪಿಗೆ ಪಡೆದು ಒಂದು ವಾರ ಬರುತ್ತಿದ್ದಾರೆ. ನ್ಯೂಜೆರ್ಸಿಯ ಹುಡುಗಿಯ ಶಾಲೆಯೂ ಐದು ದಿನಗಳ ರಜೆಗೆ ಒಪ್ಪಿರುವುದಾಗಿ ಅವಳ ತಾಯಿ ತಿಳಿಸಿದ್ದಾಳೆ. ಎಲ್ಲರ ಟಿಕೆಟ್ಟೂ ಆಗಿದೆ. ಆದರೆ ಈ ಮನೆಯಲ್ಲಿಯೇ ಇರುವ ಮೈದುನನ ಮಗ ಬೇಸಿಗೆ ಕಳೆದರೆ ಹತ್ತನೇ ತರಗತಿ; ಮೇ ತಿಂಗಳ ವಿಶೇಷ ತರಗತಿಯ ವೇಳಾಪಟ್ಟಿಯನ್ನು ಅವನ ಶಾಲೆ ಇನ್ನೂ ತಿಳಿಸಿಲ್ಲ. ಏಳು ಎಲೆ ಹಾಕಬೇಕೋ ಆರೋ ಎಂದು ಅತ್ತೆಯವರು ದಿನವೂ ಕೇಳುತ್ತಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಶಿರಸಿ ತಾಲೂಕು, ಉತ್ತರ ಕನ್ನಡ